ತೂಕ ಇಳಿಸುವ ಆಪರೇಶನ್‌ಗೆ ಮುನ್ನ ವೀರ್ಯ ಪರೀಕ್ಷೆ

ಬಸವಕಲ್ಯಾಣದ ಓದುಗರಿಗೆ,

ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿಲ್ಲ, ಟೈಪ್ 2 ಮಧುಮೇಹವಿದೆ, ಕಲಬುರಗಿಯ ವೈದ್ಯರು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಸೂಚಿಸಿದ್ದಾರೆ, ಅದರಿಂದ ತಂದೆಯಾಗುವ ಅವಕಾಶ ಹೆಚ್ಚುತ್ತದೆಯೋ ಕೆಡುತ್ತದೆಯೋ ಎಂದು ಕೇಳಿದ್ದೀರಿ. ಜಿಮ್‌ನಲ್ಲಿ ಯಾರೋ ಗಂಡು ಹಾರ್ಮೋನಾದ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ತೆಗೆದುಕೊಳ್ಳಲು ಹೇಳಿದ್ದನ್ನೂ ಬರೆದಿದ್ದೀರಿ. ಮೊದಲು ಆ ಮಾತಿಗೇ ಉತ್ತರಿಸುತ್ತೇನೆ: ದಯವಿಟ್ಟು ತೆಗೆದುಕೊಳ್ಳಬೇಡಿ. ಆ ಹಾರ್ಮೋನು ಹೊರಗಿನಿಂದ ಬಂದರೆ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕೊಡುವ ಪ್ರಚೋದನೆ ತಗ್ಗಿ, ವೀರ್ಯಾಣುಗಳ ಉತ್ಪತ್ತಿ ಕುಸಿಯುತ್ತದೆ. ಕೆಲವರಲ್ಲಿ ನಿಂತೇ ಹೋಗುತ್ತದೆ.

ಶಸ್ತ್ರಚಿಕಿತ್ಸೆಯ ವಿಷಯ ಇಷ್ಟು ನೇರವಲ್ಲ. ಬೊಜ್ಜಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರೋನನ್ನು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಆಗಿ ಬದಲಿಸುವುದರಿಂದಲೂ ಇನ್ಸುಲಿನ್ ಪ್ರತಿರೋಧದಿಂದಲೂ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ನಿಮ್ಮಂಥವರಲ್ಲಿ ಗಂಡು ಹಾರ್ಮೋನು ತಗ್ಗಿರುವುದುಂಟು. ತೂಕ ಇಳಿದಂತೆ ಅದು ಏರುತ್ತದೆ, ಶುಗರ್ ಹತೋಟಿಗೆ ಬರುತ್ತದೆ, ಲೈಂಗಿಕ ಶಕ್ತಿಯೂ ಅನೇಕರಲ್ಲಿ ಸುಧಾರಿಸುತ್ತದೆ. ಆದರೆ ವೀರ್ಯಾಣುಗಳ ಸಂಖ್ಯೆಯೂ ಹಾಗೆಯೇ ಏರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು: ಕೆಲವರಲ್ಲಿ ಹೆಚ್ಚಿದೆ, ಕೆಲವರಲ್ಲಿ ಹಾಗೇ ಉಳಿದಿದೆ, ಇನ್ನು ಕೆಲವರಲ್ಲಿ ತೂಕ ಭರದಿಂದ ಇಳಿಯುವ ಮೊದಲ ತಿಂಗಳುಗಳಲ್ಲಿ ಕುಸಿದದ್ದೂ ಇದೆ. ಅರ್ಧ ಜೋಳದ ರೊಟ್ಟಿಗೇ ಹೊಟ್ಟೆ ತುಂಬುವ ಆ ದಿನಗಳಲ್ಲಿ ಸತು, ಫೋಲೇಟ್, ಬಿ12 ಕೊರತೆಯಾಗುವುದೂ ಇದಕ್ಕೆ ಕಾರಣವಿರಬಹುದಾದ್ದರಿಂದ, ವೈದ್ಯರು ಬರೆದುಕೊಟ್ಟ ಗುಳಿಗೆಗಳನ್ನು ಒಂದು ದಿನವೂ ತಪ್ಪಿಸಬಾರದು.

ಆದ್ದರಿಂದ ಆಪರೇಶನ್‌ಗೆ ಮೊದಲೇ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಿರಿ. ಎರಡರಿಂದ ಏಳು ದಿನ ಸಂಯಮವಿದ್ದು ಸ್ಯಾಂಪಲ್ ಕೊಡಬೇಕು, ಅದು ಒಂದು ಗಂಟೆಯೊಳಗೆ ಪರೀಕ್ಷೆಗೆ ಸಿಗಬೇಕು. ಮನೆಯಲ್ಲಿ ತೆಗೆದು ಬಸ್ಸಿನಲ್ಲಿ ಕಲಬುರಗಿಗೆ ಒಯ್ದರೆ ಫಲಿತಾಂಶ ನಂಬುವಂತಿರದು, ಲ್ಯಾಬಿನಲ್ಲಿಯೇ ಕೊಡಿರಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಎಂಬುದು ಕೆಳಗಿನ ಮಿತಿ. ನಿಮ್ಮದು ಅದಕ್ಕಿಂತ ಬಹಳ ಕಡಿಮೆಯಿದ್ದರೆ, ಶಸ್ತ್ರಚಿಕಿತ್ಸೆಗೆ ಮುನ್ನವೇ ವೀರ್ಯವನ್ನು ಶೈತ್ಯೀಕರಿಸಿ ಇಡಿಸುವ ಬಗ್ಗೆ ಕೇಳಿರಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ಆಪರೇಶನ್ ಆದ ಮರುತಿಂಗಳೇ ಪರೀಕ್ಷಿಸಿ ಎದೆಗುಂದಬೇಡಿ. ವೀರ್ಯ ತೀರ ಕಡಿಮೆ ಬರುತ್ತಿದ್ದರೆ ಸಂಕೋಚಪಡದೆ ಹೇಳಿರಿ. ಮಧುಮೇಹದಿಂದ ನರಗಳು ಕೆಟ್ಟಾಗ ವೀರ್ಯ ಮೂತ್ರಕೋಶಕ್ಕೆ ಹಿಂದಿರುಗುವುದುಂಟು, ಅದು ತೂಕ ಇಳಿದ ಮಾತ್ರಕ್ಕೆ ಸರಿಹೋಗುವಂಥದ್ದಲ್ಲ.

ತಾಯಿಯವರು ಸೊಸೆಯನ್ನೊಬ್ಬಳನ್ನೇ ಆಸ್ಪತ್ರೆಗಳಿಗೂ ಹರಕೆಗಳಿಗೂ ಅಲೆದಾಡಿಸುತ್ತಿದ್ದಾರೆ ಎಂಬ ನಿಮ್ಮ ಸಾಲು ಓದಿ ಸಂಕಟವಾಯಿತು. ನಿಮ್ಮ ಪರೀಕ್ಷೆ ಇದುವರೆಗೆ ಆಗಿಯೇ ಇಲ್ಲವೆಂಬುದನ್ನು ಅವರಿಗೆ ನೀವೇ ಹೇಳಬೇಕು. ನಿಮ್ಮ ಮನೆಯವರಿಗೆ ಈಗ 34 ಎಂದಿದ್ದೀರಿ; ಹೆಚ್ಚು ಕಾಯುವ ವಯಸ್ಸಲ್ಲವಾದ್ದರಿಂದ, ಆಪರೇಶನ್ ತಾರೀಖು ಗೊತ್ತುಮಾಡುವ ಮುನ್ನ ನೀವಿಬ್ಬರೂ ಕೂಡಿಯೇ ಬಂಜೆತನ ಚಿಕಿತ್ಸೆಯ ತಜ್ಞರನ್ನು ಕಾಣಿರಿ.

— ಸಂಪಾದಕರು