ಕರೆಂಟ್ ಹೋದ ಹೊತ್ತಿನ ಸಂಬಳ

ಪ್ರಶ್ನೆ: ನಮ್ಮದು 120 ಜನರಿರುವ ಗಾರ್ಮೆಂಟ್ಸ್ ಕಾರ್ಖಾನೆ. ಕೆಲವು ದಿನ ಬೆಳಿಗ್ಗೆ 9ಕ್ಕೆ ಹೋದರೆ ಕರೆಂಟ್ ಇಲ್ಲ, ಊಟ ಆದ ಮೇಲೆ ಬನ್ನಿ ಎನ್ನುತ್ತಾರೆ. ಕೆಲವು ದಿನ ಕೆಲಸದ ನಡುವೆ ಹೋಗುತ್ತದೆ. ಎರಡಕ್ಕೂ ಅರ್ಧ ದಿನದ ಸಂಬಳ ಹಿಡಿಯುತ್ತಾರೆ. ಇದು ಸರಿಯೇ?

ಉತ್ತರ: ಎರಡನ್ನೂ ಒಂದೇ ತಕ್ಕಡಿಗೆ ಹಾಕಿರುವುದೇ ತಪ್ಪು.

ಹಾಜರಿ ಪಟ್ಟಿಯಲ್ಲಿ ಹೆಸರಿದ್ದವರು ಹೊತ್ತಿಗೆ ಸರಿಯಾಗಿ ಬಂದರೂ 2 ಗಂಟೆಯೊಳಗೆ ಕೆಲಸ ಸಿಗದಿದ್ದರೆ ಆ ದಿನ ಲೇ-ಆಫ್, ಅಂದರೆ ಕೆಲಸದಿಂದ ತೆಗೆದದ್ದಲ್ಲ, ತಾತ್ಕಾಲಿಕವಾಗಿ ಕೆಲಸ ಕೊಡಲಾಗದ ದಿನ. ಕಾರಣ ಕರೆಂಟ್ ಆದರೂ ಅಷ್ಟೇ. ಹಳೆಯ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಮಾತು ಹೀಗೇ ಇದೆ. 50 ಮತ್ತು ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ, ಒಂದು ವರ್ಷ ಸತತ ಸೇವೆ ಆದವರಿಗೆ ಲೇ-ಆಫ್ ದಿನ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು.

ನಿಮ್ಮ ದಿನದ ಮೂಲ ವೇತನ, ತುಟ್ಟಿಭತ್ಯೆ ಸೇರಿ 600 ರೂಪಾಯಿ ಎನ್ನೋಣ. ಇಡೀ ದಿನ ಲೇ-ಆಫ್ ಆದರೆ 300. ಮಧ್ಯಾಹ್ನ ಕರೆಸಿ ಕೆಲಸ ಕೊಟ್ಟರೆ, ಬೆಳಗಿನ ಅರ್ಧಕ್ಕೆ 150, ಮಧ್ಯಾಹ್ನದ ಅರ್ಧಕ್ಕೆ ಪೂರ್ತಿ 300, ಒಟ್ಟು 450. ಕರೆಸಿದ ಮೇಲೂ ಕರೆಂಟ್ ಬರದೆ ಸುಮ್ಮನೆ ಕೂರಿಸಿದರೆ? ಆಗಲೂ 450! ಕರೆದವರೇ ಎರಡನೇ ಅರ್ಧದ ಪೂರ್ತಿ ಸಂಬಳ ಕೊಡಬೇಕು. ಲೆಕ್ಕ ಬರೆಯುವವರು ತಪ್ಪುವುದು ಬಹುಪಾಲು ಇಲ್ಲೇ.

ಕೆಲಸ ಶುರುವಾದ ಮೇಲೆ ಕರೆಂಟ್ ಹೋದರೆ ಮಾತೇ ಬೇರೆ. ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾಗಿರುವವರಿಗೆ ಪೂರ್ತಿ ದಿನದ ಸಂಬಳ ಸಲ್ಲಬೇಕು. ಕೆಲಸ ಮಾಡಲು ನೀವೇ ಒಲ್ಲೆ ಎಂದಿದ್ದರೆ ಇಲ್ಲ. ಮೆಷಿನ್ ಮುಂದೆ ಕಾದು ಕುಳಿತವರನ್ನು 'ಗೈರು' ಎಂದು ಬರೆದು ಸಂಬಳ ಹಿಡಿಯುವಂತಿಲ್ಲ.

ಒಂದು ಎಚ್ಚರಿಕೆ: ಕರೆಂಟ್ ಇಲ್ಲವೆಂದು ಗೆಳತಿಯಿಂದ ಫೋನಿನಲ್ಲಿ ತಿಳಿದು ಮನೆಯಲ್ಲೇ ಉಳಿಯಬೇಡಿ. ಲೇ-ಆಫ್ ಪರಿಹಾರಕ್ಕೆ ದಿನಕ್ಕೊಮ್ಮೆಯಾದರೂ ಕಾರ್ಖಾನೆಯಲ್ಲಿ ಹಾಜರಾಗಲೇಬೇಕು. ಹಾಜರಿಯ ಪಂಚ್ ಯಂತ್ರವೂ ಕರೆಂಟಿನದೇ ಆಗಿದ್ದರೆ, ಬಂದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಿ.

ಪ್ರಶ್ನೆ: ನನಗೆ ಪೀಸ್ ರೇಟ್. ಕರೆಂಟ್ ಇಲ್ಲದೆ ಪೀಸ್ ಕಡಿಮೆಯಾದರೆ ನಷ್ಟ ನನ್ನದೇ?

ಉತ್ತರ: ಪೂರ್ತಿ ಅಲ್ಲ. ನಿಮ್ಮ ಕೆಲಸಕ್ಕೆ ಸಮಯದ ಲೆಕ್ಕದ ಕನಿಷ್ಠ ದರ ಇದ್ದರೆ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಅದರ ಮೇಲಿನ ಗಳಿಕೆ ಮಾತ್ರ ಹೊಲಿದಷ್ಟೇ.