ರೆಸ್ಯೂಮ್ ಏನೋ ಚೆನ್ನಾಗಿದೆ, ಕೆಲಸ ಬರುತ್ತಾ?

ಪ್ರಶ್ನೆ: ತುಮಕೂರಲ್ಲಿ ನಂದೊಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿ. ಎಂ.ಕಾಂ, ಟ್ಯಾಲಿ, ಜಿಎಸ್‌ಟಿ ಕೋರ್ಸು ಅಂತ ಮೂರು ಪುಟ ರೆಸ್ಯೂಮ್ ತಂದವರನ್ನ ಅಕೌಂಟ್ಸಿಗೆ ತಗೊಂಡೆ, ಜಿಎಸ್‌ಟಿ ರಿಟರ್ನ್ ಟೈಮಿಗೆ ಹಾಕೋಕಾಗ್ದೆ ಲೇಟ್ ಫೀ ಕಟ್ಟಿದ್ದಾಯ್ತು. ಈ ಸಲ ಹೇಗೆ ಆರಿಸ್ಲಿ?

ಉತ್ತರ: ರೆಸ್ಯೂಮಲ್ಲಿ ಇದ್ದಿದ್ದೆಲ್ಲ ನಿಜಾನೇ ಇರ್ಬಹುದು ಸ್ವಾಮಿ, ಆದ್ರೆ ಜಿಎಸ್‌ಟಿ ನೋಡ್ಕೋತಿದ್ದೆ ಅನ್ನೋರಲ್ಲಿ ಬಿಲ್ ಪಂಚ್ ಮಾಡಿ ಆಡಿಟರ್ ಆಫೀಸಿಗೆ ಕಳಿಸ್ತಿದ್ದೋರೂ ಇರ್ತಾರೆ, ಪೂರ್ತಿ ಜವಾಬ್ದಾರಿ ಹೊತ್ತೋರೂ ಇರ್ತಾರೆ, ಬಾಯಲ್ಲಿ ಕೇಳಿದ್ರೆ ಇಬ್ರೂ ಒಂದೇ ಥರ ಉತ್ತರ ಕೊಡ್ತಾರೆ. ಮುಂದೆ ಬಿಲ್ ಇಡಿ. ನಿಮ್ಮದೇ ಹಳೇ ಖರೀದಿ ಬಿಲ್ ಒಂದಿಪ್ಪತ್ತು ಜೆರಾಕ್ಸ್ ಮಾಡ್ಸಿ, ಆ ತಿಂಗಳ ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ನಿಮ್ಮ ಖರೀದಿ ಬಿಲ್‌ಗಳ ಪಟ್ಟಿ) ಪ್ರಿಂಟ್ ಜೊತೆಗಿಟ್ಟು ತಾಳೆ ನೋಡಿ ಅನ್ನಿ, ಒಂದು ಗಂಟೆ ಸಾಕು. ಬೇಕಂತ್ಲೇ ಮೂರು ತೊಡಕು ಸೇರ್ಸಿ: ಸ್ಟಾಫಿಗೆ ದೀಪಾವಳಿ ಊಟ ಹಾಕ್ಸಿದ ಕೇಟರಿಂಗ್ ಬಿಲ್ (ಇದಕ್ಕೆ ಕ್ರೆಡಿಟ್ ಸಿಗಲ್ಲ, ಅಂದ್ರೆ ಬಿಲ್ಲಲ್ಲಿ ಕೊಟ್ಟ ಟ್ಯಾಕ್ಸನ್ನ ನೀವು ಕಟ್ಬೇಕಾದ ಟ್ಯಾಕ್ಸಲ್ಲಿ ಕಳೆಯೋ ಹಾಗಿಲ್ಲ), ಸಪ್ಲೈಯರ್ ರಿಟರ್ನ್ ಹಾಕ್ದೆ 2ಬಿಯಲ್ಲಿ ಬಂದೇ ಇಲ್ಲದ ಬಿಲ್, ಆಮೇಲೆ ತಮಿಳುನಾಡಿನ ಹೊಸೂರಿಂದ ನಿಮ್ಮ ಅಂಗಡಿಗೆ ಬಂದ ಮಾಲಿಗೆ, ಬೇರೆ ರಾಜ್ಯದ ಮಾಲಿಗೆ ಹಾಕೋ ಐಜಿಎಸ್‌ಟಿ ಬದ್ಲು ಒಂದೇ ರಾಜ್ಯದೊಳಗಿನ ಮಾಲಿಗೆ ಹಾಕೋ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿರೋದು. ಕೆಲಸ ಗೊತ್ತಿರೋರ ಕಣ್ಣು ಸೀದಾ ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿಗೇ ಹೋಗುತ್ತೆ, 29 ಇದ್ರೆ ಕರ್ನಾಟಕ, 33 ಇದ್ರೆ ತಮಿಳುನಾಡು. ಎರಡು ಹಿಡಿದು, ಇನ್ನೊಂದು ಡೌಟಿದೆ ಸಾರ್ ಆಡಿಟರ್‌ನ ಕೇಳ್ಬೇಕು ಅಂದೋರನ್ನ ನಾನಾಗಿದ್ರೆ ತಗೊಂಡ್ಬಿಡ್ತೀನಿ. ಹತ್ತೇ ನಿಮಿಷಕ್ಕೆ ಎಲ್ಲಾ ಕರೆಕ್ಟಾಗಿದೆ ಅಂತ ವಾಪಸ್ ಕೊಟ್ಟೋರು ಇಂಗ್ಲಿಷ್ ಎಷ್ಟೇ ಚೆಂದ ಮಾತಾಡ್ಲಿ, ಬೇಡ.

ಬಂದೋರಿಗೆಲ್ಲ ಅದೇ ಬಿಲ್ಲು, ಅದೇ ಪ್ರಶ್ನೆ ಕೊಡಿ, ಒಬ್ಬರ ಹತ್ರ ಊರು-ಮನೆ ವಿಚಾರ ಇನ್ನೊಬ್ಬರ ಹತ್ರ ಟ್ಯಾಕ್ಸ್ ವಿಚಾರ ಮಾತಾಡಿದ್ರೆ ಹೋಲಿಸೋದು ಹೆಂಗೆ. 1998ರಲ್ಲಿ ಶ್ಮಿಟ್, ಹಂಟರ್ ಅನ್ನೋ ಅಮೆರಿಕದ ಸಂಶೋಧಕರು 85 ವರ್ಷದ ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದಾಗಲೂ ಎಷ್ಟು ವರ್ಷ ಓದಿದ್ರು, ಎಷ್ಟು ವರ್ಷ ಅನುಭವ ಅನ್ನೋದಕ್ಕಿಂತ ಕೆಲಸ ಮಾಡಿಸಿ ನೋಡೋದೇ ನಂಬಿಕೆಗೆ ಹತ್ರ ಅಂತ ಬಂದಿತ್ತು.

ಪ್ರಶ್ನೆ: ಎರಡು ವರ್ಷ ಗ್ಯಾಪ್ ಇದ್ರೆ ಡೌಟ್ ಪಡ್ಬೇಕಾ? ಹಳೇ ಕಡೆ ಫೋನ್ ಮಾಡಿ ವಿಚಾರಿಸ್ಬಹುದಾ?

ಉತ್ತರ: ಬಾಣಂತನ, ಅಪ್ಪ-ಅಮ್ಮನ ಕಾಯಿಲೆ, ಗ್ಯಾಪಿಗೆ ನೂರೆಂಟು ಕಾರಣ, ಒಂದ್ಸಲ ಕೇಳಿ ಬಿಟ್ಬಿಡಿ. ಪಿಎಫ್ ಇದ್ದ ಕಡೆ ದುಡಿದಿದ್ರೆ ಯುಎಎನ್ (ಪಿಎಫ್ ಸದಸ್ಯರ ನಂಬರ್) ಲಾಗಿನ್‌ನಲ್ಲಿ ಸರ್ವಿಸ್ ಹಿಸ್ಟರಿ ಇರುತ್ತೆ, ಅವರೇ ತೆಗೆದು ತೋರಿಸ್ಲಿ, ಪಾಸ್‌ವರ್ಡ್ ನೀವು ಕೇಳೋಕೆ ಹೋಗ್ಬೇಡಿ. ಕೆಲಸ ಕೇಳ್ಕೊಂಡು ಬಂದೋರಿಗೆ ಹೇಳಿಯೇ ಅವರ ಹಳೇ ಮಾಲೀಕರಿಗೆ ಫೋನ್ ಮಾಡಿ. ಈಗ ಕೆಲಸ ಮಾಡ್ತಿರೋ ಕಡೆ ಮಾತ್ರ ಮಾಡ್ಬೇಡಿ, ಅಲ್ಲಿ ಗೊತ್ತಾದ್ರೆ ಇರೋ ಕೆಲಸಕ್ಕೂ ಕುತ್ತು.