ವೀಗನ್ ಅತಿಥಿಗೆ ತಂಬುಳಿ ಬಡಿಸಬಹುದಾ?

ಪ್ರಶ್ನೆ: ಶಿರಸಿ ಹತ್ತಿರ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಮುಂದಿನ ವಾರ ಬರುವವರು ‘ನಾವು ವೀಗನ್’ ಎಂದು ಮೆಸೇಜ್ ಮಾಡಿದ್ದಾರೆ. ‘ನಮ್ಮನೇಲೂ ಮೊಟ್ಟೆ ಮುಟ್ಟುವವರಿಲ್ಲ, ಮತ್ತೇನು ಚಿಂತೆ?’ ಎನ್ನುತ್ತಾರೆ ನಮ್ಮತ್ತೆ. ಊಟಕ್ಕೆ ಏನು ಮಾಡಲಿ?
– ಗೃಹಿಣಿ, ಶಿರಸಿ

ಉತ್ತರ: ಅತ್ತೆಯವರ ಮಾತು ಅರ್ಧ ಸರಿ. ವೀಗನ್ ಅಂದರೆ ಮೀನು, ಮಾಂಸ, ಮೊಟ್ಟೆಯ ಜೊತೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪವನ್ನೂ ಬಿಟ್ಟವರು. ನಮ್ಮದೇ ಕೊಟ್ಟಿಗೆಯ ಆಕಳು, ಪ್ರೀತಿಯಿಂದ ಸಾಕಿದ್ದು ಎಂದರೂ ಅದರ ಹಾಲು ಅವರಿಗೆ ಬೇಡ. ಇಂಗ್ಲೆಂಡಿನ ವೆಜಿಟೇರಿಯನ್ನರಲ್ಲಿ ಹಾಲು, ಮೊಟ್ಟೆ ತಿನ್ನುವವರೇ ಜಾಸ್ತಿ. ಅದೂ ಬೇಡವೆಂದ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು 1944ರಲ್ಲಿ ಈ ಪದ ಹುಟ್ಟಿಸಿಕೊಂಡರು. ಅನೇಕರು ಚರ್ಮ, ರೇಷ್ಮೆಯನ್ನೂ ಬಳಸುವುದಿಲ್ಲ. ಅದಕ್ಕೇ ಈಗ ಅಂಗಡಿಯಲ್ಲಿ ‘ವೀಗನ್ ಲೆದರ್’ ಬ್ಯಾಗೂ ಸಿಗುತ್ತದೆ. ಹೆಚ್ಚಿನವು ಬರೀ ಪ್ಲಾಸ್ಟಿಕ್, ಆ ಮಾತು ಬೇರೆ.

ಹಾಗಾಗಿ ಮಜ್ಜಿಗೆ ಹಾಕಿದ ತಂಬುಳಿ ಬೇಡ. ಅಪ್ಪೆಹುಳಿ ಮಾಡಿ. ಅಪ್ಪೆಮಿಡಿ ಬೇಯಿಸಿ, ಕಿವುಚಿ, ನೀರು, ಉಪ್ಪು ಹಾಕಿ, ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಅನ್ನಕ್ಕೂ ಆಯಿತು, ಲೋಟದಲ್ಲಿ ಕುಡಿಯಲಿಕ್ಕೂ ಆಯಿತು. ಕಾರವಾರದ ಕಡೆಯ ಸೋಲ್ ಕಡಿಯೂ ನಡೆಯುತ್ತದೆ. ಅದು ಮುರುಗಲು, ತೆಂಗಿನಹಾಲಿನದು. ಪತ್ರೊಡೆಗೂ ಅಡ್ಡಿಯಿಲ್ಲ. ನಿಜ ಹೇಳಬೇಕೆಂದರೆ ತೆಂಗಿನಕಾಯಿ ಇಷ್ಟು ಧಾರಾಳವಾಗಿ ಬಳಸುವ ನಮ್ಮ ಅಡುಗೆಮನೆಗೆ ವೀಗನ್ ಊಟ ದೊಡ್ಡ ಕೆಲಸವೇ ಅಲ್ಲ.

ಕೈ ತಪ್ಪುವುದು ಬಡಿಸುವಾಗ. ಅನ್ನದ ಮೇಲೆ ಒಂದು ಚಮಚ ತುಪ್ಪ ಬಿದ್ದೇ ಬೀಳುತ್ತದೆ, ಅಲ್ವಾ? ತೊಡೆದೇವು ಅಕ್ಕಿ, ಬೆಲ್ಲದ್ದೇ ಆದರೂ ಮೇಲೆ ತುಪ್ಪ ಸವರಿ ಕೊಡುತ್ತೇವೆ. ದೋಸೆ ಕಾವಲಿಗೆ ಎಣ್ಣೆಯೇ ಇರಲಿ. ಸಂಜೆಯ ಕಷಾಯಕ್ಕೆ ಹಾಲು ಬೇಡ, ಬೆಲ್ಲ ಸಾಕು.

ಪ್ಯಾಕೆಟ್ ತಿಂಡಿಯ ಹಸಿರು ಗುರುತನ್ನು ನಂಬಬೇಡಿ. ಹಾಲಿನ ಪುಡಿ, ಜೇನು ಇದ್ದರೂ ಆ ಗುರುತು ಇರುತ್ತದೆ. ವೀಗನ್ ಪದಾರ್ಥಕ್ಕೆ 2022ರಿಂದ ನಮ್ಮ ದೇಶದಲ್ಲಿ ಬೇರೆಯೇ ನಿಯಮ, ಬೇರೆಯೇ ಗುರುತು ಇದೆ.

ಜೇನುತುಪ್ಪ ಮಾತ್ರ ಕೇಳಿಯೇ ಕೊಡಿ. ವೀಗನ್ ಎನ್ನುತ್ತಲೇ ಅದನ್ನು ತಿನ್ನುವವರೂ ಇದ್ದಾರೆ.